ಇಂಧನ ಬದಲಾದಾಗ ಒಲೆ ಕೆಡುವುದೇಕೆ? ಮರದ ಗುಳಿಗೆಯ ಒಲೆಯನ್ನು ಕುರಿತು ಒಂದು ವಿಚಾರ

ಇತಿಹಾಸ ವಿಭಾಗದ ವಾರ್ಷಿಕ ಸಂಶೋಧನ ಪತ್ರಿಕೆಯಲ್ಲಿ ಒಲೆಯ ಮಾತೇಕೆಂದು ವಾಚಕರು ಕೇಳಬಹುದು. ಶಾಸನಗಳ ಕಾಲನಿರ್ಣಯಕ್ಕೂ ಕಂದಾಯದ ಲೆಕ್ಕಗಳಿಗೂ ಮೀಸಲಾದ ಪುಟಗಳಲ್ಲಿ ಅಂಥ ಪ್ರಶ್ನೆ ಏಳುವುದು ಸಹಜವೇ. ಆದರೆ ಒಂದು ಕಾಲದ ಜನ ಏನನ್ನು ಉರಿಸಿ ಮನೆಯನ್ನು ಬೆಚ್ಚಗಿಟ್ಟುಕೊಂಡರು, ಏನನ್ನು ಉರಿಸಿ ಅನ್ನ ಬೇಯಿಸಿಕೊಂಡರು ಎಂಬುದು ಅವರ ಅರಸರ ಹೆಸರುಗಳಷ್ಟೇ ಚರಿತ್ರೆಗೆ ಸೇರಿದ ವಿಷಯ. ಇನ್ನೊಂದು ಕಾರಣವೂ ಉಂಟು. ಇಂಧನ ಬದಲಾದಾಗ ಒಲೆಯಲ್ಲಿ ತೋರುವ ದೋಷದ ಮೂಲವನ್ನು ಹುಡುಕುವ ಕೆಲಸ, ಆಕರಗಳನ್ನು ಮುಂದಿಟ್ಟುಕೊಂಡು ಒಂದು ಘಟನೆಯ ಕಾರಣವನ್ನು ಹುಡುಕುವ ನಮ್ಮ ಕೆಲಸಕ್ಕೆ ಬಹಳ ಹತ್ತಿರದ್ದು. ಅಲ್ಲಿ ಆಗುವ ತಪ್ಪುಗಳೂ ಬಹುಮಟ್ಟಿಗೆ ನಮ್ಮ ತಪ್ಪುಗಳೇ.

ಅಮೆರಿಕ ಸಂಯುಕ್ತ ಸಂಸ್ಥಾನದ ಚಳಿಪ್ರದೇಶಗಳಲ್ಲಿಯೂ ಇಟಲಿ, ಆಸ್ಟ್ರಿಯ, ಜರ್ಮನಿ ಮುಂತಾದ ಯೂರೋಪಿನ ದೇಶಗಳಲ್ಲಿಯೂ ಚಳಿಗಾಲದಲ್ಲಿ ಮನೆಯನ್ನು ಕಾಯಿಸಲು ಬಳಸುವ ಒಂದು ಬಗೆಯ ಒಲೆಯಿದೆ. ಅದರಲ್ಲಿ ಸೌದೆಯನ್ನು ಉರಿಸುವುದಿಲ್ಲ. ಮರದ ಹೊಟ್ಟನ್ನು ಒಣಗಿಸಿ, ಅರೆದು, ಉಕ್ಕಿನ ಅಚ್ಚಿನ ತೂತುಗಳ ಮೂಲಕ ಬಲವಾಗಿ ಒತ್ತಿ ತೆಗೆದ ಸಣ್ಣ ಸಣ್ಣ ತುಂಡುಗಳನ್ನು ಉರಿಸುತ್ತಾರೆ. ಪೆಲೆಟ್ ಎಂದು ಅವರು ಕರೆಯುವ ಈ ತುಂಡುಗಳನ್ನು ನಾವು ಗುಳಿಗೆಗಳೆಂದು ಕರೆಯೋಣ. ಸಾಮಾನ್ಯ ಗುಳಿಗೆ ೬ ಮಿಲಿಮೀಟರು ದಪ್ಪ. ಉದ್ದ ಮಾತ್ರ ಒಂದೊಂದರದೂ ಬೇರೆ. ಅಂಟಿನ ಹಂಗು ಅದಕ್ಕಿಲ್ಲ. ಅಚ್ಚಿನಲ್ಲಿ ಉಜ್ಜಾಟದಿಂದ ಹುಟ್ಟುವ ಬಿಸಿಗೆ ಮರದಲ್ಲಿಯೇ ಇರುವ ಲಿಗ್ನಿನ್ ಎಂಬ ವಸ್ತು ಮೆತ್ತಗಾಗಿ, ಆರಿದ ಮೇಲೆ ಹೊಟ್ಟಿನ ಕಣಗಳನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಇದರ ಚರಿತ್ರೆ ದೀರ್ಘವಾದುದಲ್ಲ. ದನಗಳ ಮೇವನ್ನು ಗುಳಿಗೆಗಟ್ಟುವ ಯಂತ್ರಗಳು ಅಮೆರಿಕದಲ್ಲಿ ಮೊದಲೇ ಬಳಕೆಯಲ್ಲಿದ್ದವು. ೧೯೭೩ರಲ್ಲಿ ಅರಬ್ ದೇಶಗಳು ಎಣ್ಣೆಯ ಸರಬರಾಜನ್ನು ತಡೆಹಿಡಿದಾಗ ಬೆಲೆ ಏರಿ, ಸಾಮಿಲ್ಲುಗಳ ಬಳಿ ರಾಶಿಬಿದ್ದಿದ್ದ ಹೊಟ್ಟಿನ ಕಡೆಗೆ ಜನರ ದೃಷ್ಟಿ ಹರಿಯಿತು. ಮೇವಿನ ಯಂತ್ರಕ್ಕೆ ಹೊಟ್ಟು ಬಿತ್ತು. ಮೊದಮೊದಲು ಗುಳಿಗೆಯನ್ನು ಕೊಂಡವರು ಕಾರ್ಖಾನೆಗಳವರು. ವಿಮಾನಶಿಲ್ಪದ ಎಂಜಿನಿಯರಾಗಿದ್ದ ಜೆರಿ ವಿಟ್‌ಫೀಲ್ಡ್ ವಾಷಿಂಗ್ಟನ್ ರಾಜ್ಯದಲ್ಲಿ ಮನೆಗೆ ಒಗ್ಗುವ ಗುಳಿಗೆಯೊಲೆಯನ್ನು ರೂಪಿಸಿದ್ದು ೧೯೮೦ರ ದಶಕದಲ್ಲಿ. ಹೀಗೆ ಇದು ಹುಟ್ಟಿನಿಂದಲೇ ಇಂಧನ ಬದಲಾವಣೆಯ ಸಂತಾನ: ಎಣ್ಣೆಯಿಂದ ಹೊಟ್ಟಿಗೆ ಬಂದ ಜನ ಕಟ್ಟಿದ ಯಂತ್ರ. ಆದರೆ ಗುಳಿಗೆಯೊಳಗೇ ಮತ್ತೆ ಗುಳಿಗೆಯ ಭೇದವುಂಟೆಂಬುದು ಅವರ ಅನುಭವಕ್ಕೆ ಬರಲು ಸ್ವಲ್ಪ ಕಾಲ ಹಿಡಿಯಿತು.

ದೂರು ಸಾಮಾನ್ಯವಾಗಿ ಹೀಗಿರುತ್ತದೆ. ನಾಲ್ಕೈದು ಚಳಿಗಾಲ ಒಂದೇ ಮಾರ್ಕಿನ ಗುಳಿಗೆಯನ್ನು ಉರಿಸಿ ಸುಖವಾಗಿದ್ದ ಮನೆಯವರು, ಅಂಗಡಿಯಲ್ಲಿ ಅದು ಸಿಕ್ಕದೆಯೋ ಬೆಲೆ ಹೆಚ್ಚಿತೆಂದೋ ಬೇರೆ ಮಾರ್ಕಿನ ಚೀಲಗಳನ್ನು ತರುತ್ತಾರೆ. ಎರಡು ಮೂರು ದಿನಗಳಲ್ಲಿ ಒಲೆಯ ಗಾಜು ಕಪ್ಪಾಗುತ್ತದೆ. ಜ್ವಾಲೆ ಮಂಕಾಗಿ ಮೇಲಕ್ಕೆ ನಾಲಗೆ ಚಾಚುತ್ತದೆ. ಉರಿಬಟ್ಟಲಿನಲ್ಲಿ ಗಟ್ಟಿಯಾದ ಕಿಟ್ಟ ಕಟ್ಟುತ್ತದೆ. ಒಂದು ಬೆಳಗ್ಗೆ ಎದ್ದು ನೋಡಿದರೆ ಒಲೆ ಆರಿ ಮನೆ ತಣ್ಣಗಾಗಿರುತ್ತದೆ. ಹೊರಗೆ ಹಿಮ ಬೀಳುವ ನಾಡಿನಲ್ಲಿ ಇದು ಬರಿಯ ಅನಾನುಕೂಲವಲ್ಲ. ಯಂತ್ರ ಕೆಟ್ಟಿತೆಂದು ರಿಪೇರಿಯವನನ್ನು ಕರೆಸುತ್ತಾರೆ. ಅವನು ಮೋಟಾರನ್ನು ನೋಡಿ, ಸ್ವಿಚ್ಚುಗಳನ್ನು ನೋಡಿ, ಎಲ್ಲವೂ ಸರಿಯಾಗಿದೆ ಎನ್ನುತ್ತಾನೆ. ಆತನ ಮಾತೂ ಸುಳ್ಳಲ್ಲ. ಒಲೆ ಕೆಟ್ಟಿಲ್ಲ, ಒಲೆ ಯಾವ ಇಂಧನವನ್ನು ನೆಚ್ಚಿಕೊಂಡಿತ್ತೋ ಆ ಇಂಧನ ಹೋಗಿ, ಅದೇ ಹೆಸರಿನ ಬೇರೊಂದು ಬಂದಿದೆ.

ಇದನ್ನು ತಿಳಿಯಬೇಕಾದರೆ ಒಲೆಯ ಒಳಗನ್ನು ಸ್ವಲ್ಪ ನೋಡಬೇಕು. ಮೇಲೆ ಅಥವಾ ಹಿಂದುಗಡೆ ಗುಳಿಗೆ ಸುರಿಯುವ ತೊಟ್ಟಿ. ಅದರ ತಳದಿಂದ ಒಂದು ತಿರುಪು ಗುಳಿಗೆಗಳನ್ನು ಮೆಲ್ಲಮೆಲ್ಲನೆ ತಳ್ಳಿ ಉರಿಬಟ್ಟಲಿಗೆ ಬೀಳಿಸುತ್ತದೆ. ತಿರುಪು ಎಡೆಬಿಡದೆ ತಿರುಗುವುದಿಲ್ಲ. ಕೆಲವು ಸೆಕೆಂಡು ತಿರುಗಿ ಕೆಲವು ಸೆಕೆಂಡು ನಿಲ್ಲುತ್ತದೆ. ಉರಿ ಹೆಚ್ಚು ಬೇಕಾದರೆ ತಿರುಗುವ ಕಾಲ ಹೆಚ್ಚುತ್ತದೆ. ಬಟ್ಟಲಿನ ತಳದಲ್ಲಿಯೂ ಮಗ್ಗುಲಲ್ಲಿಯೂ ಇರುವ ತೂತುಗಳಿಂದ ಗಾಳಿ ಒಳಗೆ ಬರುತ್ತದೆ. ಹೊಗೆಗೊಳವೆಯ ಬಳಿಯ ಪಂಕ ಅದನ್ನು ಎಳೆಯುತ್ತದೆ. ಮೊದಲ ಬೆಂಕಿಯನ್ನು ವಿದ್ಯುತ್ತಿನಿಂದ ಕಾಯುವ ಒಂದು ಸಲಾಕೆ ಹೊತ್ತಿಸುತ್ತದೆ. ಈಚಿನ ಕೆಲವು ಬೆಲೆಬಾಳುವ ಒಲೆಗಳು ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆದು ತಮ್ಮನ್ನು ತಾವೇ ತಿದ್ದಿಕೊಳ್ಳುತ್ತವೆ. ಉಳಿದವು ಕುರುಡು. ತಾವು ಎಷ್ಟು ಇಂಧನವನ್ನು ಬೀಳಿಸಿದೆವೆಂಬುದು ಅವಕ್ಕೆ ತಿಳಿಯದು. ತಿರುಪು ಎಷ್ಟು ಸೆಕೆಂಡು ತಿರುಗಿತೆಂಬುದು ಮಾತ್ರ ತಿಳಿದಿದೆ.

ಎಲ್ಲ ತೊಡಕಿನ ಬೇರು ಇಲ್ಲಿಯೇ ಇದೆ. ತಿರುಪು ಅಳೆಯುತ್ತದೆಯೇ ಹೊರತು ತೂಗುವುದಿಲ್ಲ. ಉರಿಗಾದರೋ ಬೇಕಾದದ್ದು ತೂಕ. ನಮ್ಮ ಶಾಸನಗಳನ್ನು ಓದಿದ ವಿದ್ಯಾರ್ಥಿಗಳಿಗೆ ಈ ಭೇದವನ್ನು ಹೆಚ್ಚಾಗಿ ವಿವರಿಸಬೇಕಾಗಿಲ್ಲ. ದತ್ತಿಗಳಲ್ಲಿ ಬರುವ ಕೊಳಗ, ಖಂಡುಗಗಳು ಅಳತೆಗಳು. ಒಂದು ಕೊಳಗ ಭತ್ತವೂ ಒಂದು ಕೊಳಗ ರಾಗಿಯೂ ಒಂದೇ ತೂಕವಲ್ಲ. ಇದನ್ನು ಮರೆತು ಕೊಳಗವನ್ನು ನೇರವಾಗಿ ತೂಕಕ್ಕೆ ಪರಿವರ್ತಿಸಿ ಬೆಲೆಗಳನ್ನು ಹೋಲಿಸಿದವನ ಲೆಕ್ಕ ಎಲ್ಲಿಗೆ ಮುಟ್ಟುತ್ತದೆಂಬುದನ್ನು ಅಧ್ಯಾಪಕರು ಬಲ್ಲರು. ಗುಳಿಗೆಯೊಲೆ ಪ್ರತಿ ನಿಮಿಷವೂ ಮಾಡುತ್ತಿರುವುದು ಇದೇ ತಪ್ಪನ್ನು.

ಯೂರೋಪಿನಲ್ಲಿ ಮೇಲ್ದರ್ಜೆಯೆಂದು ಮುದ್ರೆ ಪಡೆದ ಗುಳಿಗೆ ಒಂದು ಘನ ಮೀಟರಿಗೆ ೬೦೦ರಿಂದ ೭೫೦ ಕಿಲೋಗ್ರಾಂವರೆಗೆ ತೂಗಬಹುದು. ಎಂದರೆ ಎರಡು ಮಾರ್ಕುಗಳೂ ನಿಯಮಕ್ಕೆ ಒಳಪಟ್ಟಿದ್ದರೂ, ಹಗುರವಾದುದಕ್ಕೆ ಹೊಂದಿಸಿದ ಒಲೆಗೆ ಭಾರವಾದುದನ್ನು ಸುರಿದರೆ, ತಿರುಪಿನ ಅದೇ ಸುತ್ತಿಗೆ ನೂರಕ್ಕೆ ೨೫ರಷ್ಟು ಹೆಚ್ಚು ಮರ ಬಟ್ಟಲಿಗೆ ಬೀಳಬಹುದು. ಗಾಳಿ ಮಾತ್ರ ಹಿಂದಿನಷ್ಟೇ. ಆಗ ಜ್ವಾಲೆಗೆ ಉಸಿರು ಸಾಲದೆ ಅದು ಕೆಂಪಡರಿ ಸೋಮಾರಿಯಾಗುತ್ತದೆ, ಮಸಿ ಕಟ್ಟುತ್ತದೆ, ಅರೆಬೆಂದ ಗುಳಿಗೆಗಳು ಬೂದಿಯ ತಟ್ಟೆಗೆ ಉರುಳುತ್ತವೆ. ಭಾರವಾದುದಕ್ಕೆ ಹೊಂದಿಸಿದ ಒಲೆಗೆ ಹಗುರವಾದುದು ಬಿದ್ದರೆ ಇದರ ವಿಪರ್ಯಾಸ: ಜ್ವಾಲೆ ಗಿಡ್ಡವಾಗಿ, ಬೆಳ್ಳಗೆ, ಚುರುಕಾಗಿ ಉರಿಯುತ್ತದೆ, ಆದರೆ ಕೋಣೆ ಕಾಯುವುದಿಲ್ಲ. ಅತಿ ಕಡಮೆಯ ಉರಿಯಲ್ಲಿಟ್ಟಾಗ ಮುಂದಿನ ಹಿಡಿ ಬೀಳುವ ಮೊದಲೇ ಹಿಂದಿನದು ಮುಗಿದು ಒಲೆ ಆರುವುದೂ ಉಂಟು.

ಉದ್ದವೂ ಇದೇ ಆಟವನ್ನು ಆಡುತ್ತದೆ. ಉದ್ದ ಗುಳಿಗೆಗಳು ಒಂದರ ಮೇಲೊಂದು ಅಡ್ಡಬಿದ್ದು ನಡುವೆ ಹೆಚ್ಚು ಸಂದು ಬಿಡುತ್ತವೆ. ತುಂಡು ಗುಳಿಗೆಗಳು ಒತ್ತಾಗಿ ಕೂಡುತ್ತವೆ. ತೀರ ಉದ್ದವಾದರೆ ತೊಟ್ಟಿಯ ಬಾಯಲ್ಲಿ ಸೇತುವೆ ಕಟ್ಟಿ ನಿಂತುಬಿಡುತ್ತವೆ; ತೊಟ್ಟಿ ತುಂಬಿರುವಂತೆ ಕಾಣುತ್ತದೆ, ತಿರುಪು ಬರಿದೇ ತಿರುಗುತ್ತಿರುತ್ತದೆ. ಇನ್ನು ಪುಡಿ. ಸರಿಯಾಗಿ ಒತ್ತದ ಗುಳಿಗೆ, ತೇವ ತಾಗಿದ ಗುಳಿಗೆ, ಲಾರಿಯಿಂದ ಎತ್ತಿಹಾಕಿದ ಚೀಲದ ಗುಳಿಗೆ ಪುಡಿಯಾಗುತ್ತದೆ. ಪುಡಿ ತೊಟ್ಟಿಯ ಇಳಿಜಾರಿನಲ್ಲಿ ಅಂಟಿಕೊಂಡು, ತಿರುಪಿನ ಕೊಳವೆಯಲ್ಲಿ ಗಿಡಿದು, ಕೊನೆಗೆ ಮೋಟಾರನ್ನೇ ತಡೆದು ನಿಲ್ಲಿಸಬಹುದು. ಹೊಸ ಮಾರ್ಕಿಗೆ ಬಂದ ಅಪಕೀರ್ತಿಯ ಒಂದು ಪಾಲು, ವರ್ಷಗಟ್ಟಲೆ ತೊಟ್ಟಿಯ ತಳದಲ್ಲಿ ಕೂತ ಹಳೆಯ ಮಾರ್ಕಿನ ಪುಡಿಗೆ ಸಲ್ಲಬೇಕಾದದ್ದು.

ಮರದ ಜಾತಿಯ ವಿಷಯದಲ್ಲಿ ಒಂದು ನಂಬಿಕೆ ಅಲ್ಲಿಯ ಜನರಲ್ಲಿ ಬಲವಾಗಿದೆ: ಗಟ್ಟಿಮರದ ಗುಳಿಗೆ ಶ್ರೇಷ್ಠ, ಪೈನಿನಂಥ ಮೆದುಮರದ್ದು ಕನಿಷ್ಠ ಎಂದು. ಸೌದೆಗೆ ಈ ಮಾತು ಸಲ್ಲುತ್ತದೆ. ಒಂದು ಹೊರೆ ಗಟ್ಟಿಮರದಲ್ಲಿ ಒಂದು ಹೊರೆ ಮೆದುಮರಕ್ಕಿಂತ ಹೆಚ್ಚು ತೂಕವಿದೆಯಷ್ಟೆ. ಅಚ್ಚಿನಲ್ಲಿ ಎರಡನ್ನೂ ಒಂದೇ ಸಾಂದ್ರತೆಗೆ ಒತ್ತಿದ ಮೇಲೆ ಆ ಮೇಲುಗೈ ಉಳಿಯುವುದಿಲ್ಲ. ತೂಕಕ್ಕೆ ತೂಕವಿಟ್ಟು ನೋಡಿದರೆ ರಾಳವೂ ಲಿಗ್ನಿನ್ನೂ ಹೆಚ್ಚಾಗಿರುವ ಮೆದುಮರ ಸ್ವಲ್ಪ ಹೆಚ್ಚು ಶಾಖವನ್ನೇ ಕೊಡುತ್ತದೆ, ಬೂದಿಯೂ ಸಾಮಾನ್ಯವಾಗಿ ಕಡಮೆ. ಹಳೆಯ ವಸ್ತುವಿನ ವಿಷಯದಲ್ಲಿ ನಿಜವಾಗಿದ್ದ ಜ್ಞಾನ ಹೊಸ ವಸ್ತುವಿಗೆ ಹೆಸರಿನ ದಾರಿಯಿಂದ ದಾಟಿಬರುವುದಕ್ಕೆ ಇದೊಂದು ಒಳ್ಳೆಯ ನಿದರ್ಶನ.

ಬೂದಿಯದು ಬೇರೆಯೇ ಅಧ್ಯಾಯ. ಮೇಲ್ದರ್ಜೆಯ ಗುಳಿಗೆಯಲ್ಲಿ ಬೂದಿ ನೂರಕ್ಕೆ ೦.೭ನ್ನು ಮೀರಬಾರದು. ದಿನಕ್ಕೆ ೧೫ ಕಿಲೋವಿನ ಒಂದು ಚೀಲ ಉರಿಸುವ ಮನೆಯಲ್ಲಿ ಇದು ಸುಮಾರು ೧೦೫ ಗ್ರಾಂ ಆಯಿತು. ನೂರಕ್ಕೆ ೨ ಬೂದಿಯಿರುವ ಕೆಳದರ್ಜೆಯದಾದರೆ ೩೦೦ ಗ್ರಾಂ. ವಾರಕ್ಕೊಮ್ಮೆ ಬೂದಿ ತೆಗೆಯುವ ರೂಢಿಯಿದ್ದ ಮನೆಯವರು ಅದೇ ರೂಢಿಯನ್ನು ಮುಂದುವರಿಸಿದರೆ ಬಟ್ಟಲಿನ ತೂತುಗಳು ಮೂರನೆಯ ದಿನಕ್ಕೇ ಮುಚ್ಚಿಕೊಳ್ಳಬಹುದು. ಆದರೆ ಬೂದಿಯ ಮೊತ್ತಕ್ಕಿಂತ ಅದರ ಗುಣ ಮುಖ್ಯ. ಶುದ್ಧವಾದ ಮರದ ಬೂದಿ ಸುಲಭವಾಗಿ ಕರಗುವುದಿಲ್ಲ. ಮೇಲ್ದರ್ಜೆಯ ಗುಳಿಗೆಯ ಬೂದಿ ೧೨೦೦ ಡಿಗ್ರಿ ಸೆಂಟಿಗ್ರೇಡಿನವರೆಗೆ ಆಕಾರಗೆಡಬಾರದೆಂಬ ನಿಯಮವಿದೆ. ತೊಗಟೆ, ಮಣ್ಣು, ಮರಳು, ಹುಲ್ಲು ಬೆರೆತಾಗ ಮರಳಿನ ಸಿಲಿಕವೂ ಸಸ್ಯದ ಪೊಟ್ಯಾಸಿಯಮ್ಮೂ ಕೂಡಿ, ಅದಕ್ಕಿಂತ ಬಹಳ ಕಡಮೆ ಶಾಖದಲ್ಲಿಯೇ ಬೂದಿ ಕರಗಿ ಅಂಟಾಗುತ್ತದೆ. ಹಿಂದಿನ ಕಾಲದ ಕುಶಲರು ಮರಳಿಗೆ ಗಿಡದ ಬೂದಿಯನ್ನು ಬೆರೆಸಿ ಗಾಜು ಮಾಡುತ್ತಿದ್ದುದು ಇದೇ ಕ್ರಿಯೆಯಿಂದ. ಉರಿಬಟ್ಟಲಿನಲ್ಲಿ ಬಯಸದೆ ಆಗುವ ಈ ಒರಟು ಗಾಜೇ ಕಿಟ್ಟ. ಅದು ತೂತುಗಳನ್ನು ಮುಚ್ಚಿದರೆ ಗಾಳಿ ಕಡಮೆ. ಸಲಾಕೆಯ ಬಾಯನ್ನು ಮುಚ್ಚಿದರೆ ಮರುದಿನ ಬೆಂಕಿಯೇ ಹತ್ತದು.

ಉಗಿಬಂಡಿಯ ಕಾಲದವರಿಗೆ ಈ ಕಿಟ್ಟ ಹೊಸದಾಗಿರಲಿಲ್ಲ. ಕಲ್ಲಿದ್ದಲಿನ ಗಣಿ ಬದಲಾದರೆ ಎಂಜಿನ್ನು ಹಬೆ ಕಟ್ಟದೆ ಹಟಮಾಡುತ್ತಿತ್ತು. ಬೆಂಕಿ ಹಾಕುವವನಿಗೆ ಬೈಗುಳ ಬೀಳುತ್ತಿತ್ತು. ಅಮೆರಿಕದ ಫಿಲಡೆಲ್ಫಿಯ ಮತ್ತು ರೆಡಿಂಗ್ ರೈಲ್ವೆಯ ಜಾನ್ ವೂಟನ್ ೧೮೭೭ರಲ್ಲಿ ಆಂತ್ರಸೈಟ್ ಗಣಿಗಳ ಕಸವನ್ನು ಉರಿಸುವುದಕ್ಕೆಂದೇ ಬಹಳ ಅಗಲವಾದ ಅಗ್ನಿಪೆಟ್ಟಿಗೆಯನ್ನು ರಚಿಸಿದನು. ೧೯೨೦ರ ದಶಕದಲ್ಲಿ ಭಾರತದ ರೈಲ್ವೆಗಳಿಗಾಗಿ ಎಕ್ಸ್ಎ, ಎಕ್ಸ್‌ಬಿ, ಎಕ್ಸ್‌ಸಿ ಎಂಬ ಎಂಜಿನ್ನುಗಳನ್ನು ನಿಶ್ಚಯಿಸಿದಾಗಲೂ, ಬೂದಿ ಹೆಚ್ಚಾದ ನಮ್ಮ ಕಲ್ಲಿದ್ದಲಿಗಾಗಿಯೇ ಅಗಲದ ಅಗ್ನಿಪೆಟ್ಟಿಗೆಯನ್ನು ಇಡಬೇಕಾಯಿತು. ಒಳ್ಳೆಯ ಇಂಧನಕ್ಕೆ ಕಟ್ಟಿದ ಯಂತ್ರದಲ್ಲಿ ಸಾಧಾರಣ ಇಂಧನವನ್ನು ಹೇಗಾದರೂ ಉರಿಸಬಹುದೆಂಬ ಆಸೆಯನ್ನು ಅವರು ಬಿಟ್ಟುಕೊಟ್ಟರು. ಮನೆಯ ಒಲೆಯನ್ನು ಕೊಂಡವನಿಗೆ ಅಂಥ ಸ್ವಾತಂತ್ರ್ಯವಿಲ್ಲ. ಅವನ ಕೈಯಲ್ಲಿರುವುದು ಗಾಳಿಯ ತಡಿಕೆ, ತಿರುಪಿನ ಗುಂಡಿ, ಮತ್ತು ಮುಂದಿನ ಚೀಲದ ಆಯ್ಕೆ, ಇಷ್ಟೇ.

ಹೀಗಿರಲು ದೋಷವನ್ನು ಕಂಡುಹಿಡಿಯುವ ಕ್ರಮ ಹೇಗಿರಬೇಕು? ಮೊದಲು ನಾವು ಎಚ್ಚರವಹಿಸಬೇಕಾದದ್ದು ಕಾಕತಾಲೀಯ ನ್ಯಾಯದ ವಿಷಯದಲ್ಲಿ. ಕಾಗೆ ಕೂತಿತು, ತಾಳೆಯ ಹಣ್ಣು ಬಿದ್ದಿತು. ಕಾಗೆಯಿಂದಲೇ ಬಿದ್ದಿತೆನ್ನಲು ಅದು ಸಾಲದು. ಜನ ಹೊಸ ಮಾರ್ಕನ್ನು ಕೊಳ್ಳುವುದು ಬಹುಮಟ್ಟಿಗೆ ಚಳಿಗಾಲದ ಆರಂಭದಲ್ಲಿ. ಆ ಹೊತ್ತಿಗೆ ಒಲೆ ಆರು ತಿಂಗಳು ತಣ್ಣಗೆ ನಿಂತಿರುತ್ತದೆ. ಹೋದ ವರ್ಷದ ಬೂದಿ ಹೊಗೆಯ ದಾರಿಯಲ್ಲಿ ತೇವ ಹೀರಿ ಗಟ್ಟಿಯಾಗಿರುತ್ತದೆ. ಹೊಗೆಗೊಳವೆಯ ತುದಿಯಲ್ಲಿ ಹಕ್ಕಿ ಗೂಡು ಕಟ್ಟಿರಬಹುದು. ಬಾಗಿಲಿನ ಅಂಚಿನ ಹಗ್ಗ ಸವೆದು ಗಾಳಿ ಅಡ್ಡದಾರಿ ಹಿಡಿದಿರಬಹುದು. ಇವೆಲ್ಲದರ ಫಲವೂ ಮಂಕು ಜ್ವಾಲೆ ಮತ್ತು ಕಪ್ಪು ಗಾಜೇ. ಹೊಸ ಇಂಧನವನ್ನು ದೂರುವ ಮೊದಲು ಈ ಸಾಕ್ಷಿಗಳನ್ನೆಲ್ಲ ವಿಚಾರಿಸತಕ್ಕದ್ದು. ಒಬ್ಬ ದಂಡನಾಯಕ ಬಂದ ವರ್ಷವೇ ಬರಗಾಲ ಬಿದ್ದಿತೆಂದು ಬರದ ಹೊಣೆಯನ್ನು ಅವನ ಮೇಲೆ ಹೊರಿಸಿದ ಬರಹಗಳನ್ನು ನಾವೂ ನೀವೂ ಕಂಡಿದ್ದೇವೆ.

ಆದ್ದರಿಂದ ಒಲೆಯನ್ನು ಪೂರ್ತಿ ತಣಿಸಿ, ಬಟ್ಟಲಿನ ಪ್ರತಿಯೊಂದು ತೂತನ್ನೂ ಬಿಡಿಸಿ, ಹೊಗೆಯ ದಾರಿಯನ್ನು ಗುಡಿಸಿ, ತೊಟ್ಟಿಯ ಪುಡಿಯನ್ನೆಲ್ಲ ತೆಗೆದ ಮೇಲೆಯೇ ವಿಚಾರಣೆ ಆರಂಭವಾಗಬೇಕು. ಹಳೆಯ ಮಾರ್ಕಿನ ಒಂದು ಚೀಲ ಮನೆಯಲ್ಲಿ ಉಳಿದಿದ್ದರೆ ಅದು ಬಂಗಾರಕ್ಕೆ ಸಮ. ಅದನ್ನು ಮೊದಲು ಉರಿಸಿ ಮುಗಿಸಿಬಿಡುವುದು ಅವಿವೇಕ. ಶುಚಿಮಾಡಿದ ಒಲೆಯಲ್ಲಿ ಗುಂಡಿ ತಡಿಕೆಗಳನ್ನು ಮುಟ್ಟದೆ ಒಂದು ದಿನ ಹಳೆಯದನ್ನೂ, ಮತ್ತೆ ಶುಚಿಮಾಡಿ ಇನ್ನೊಂದು ದಿನ ಹೊಸದನ್ನೂ ಉರಿಸಿ ನೋಡಬೇಕು. ಎರಡರಲ್ಲಿಯೂ ದೋಷ ಕಂಡರೆ ತಪ್ಪು ಒಲೆಯದು. ಹೊಸದರಲ್ಲಿ ಮಾತ್ರ ಕಂಡರೆ ಇಂಧನದ್ದು, ಅಥವಾ ಇನ್ನೂ ಸರಿಯಾಗಿ ಹೇಳಬೇಕೆಂದರೆ ಇವೆರಡರ ಹೊಂದಾಣಿಕೆಯದು. ಎರಡನ್ನೂ ಬೆರೆಸಿ ಉರಿಸುವುದು ಚೀಲ ಮುಗಿಸುವುದಕ್ಕೆ ಒಳ್ಳೆಯ ಉಪಾಯ. ಕಾರಣ ತಿಳಿಯುವುದಕ್ಕೆ ಅತ್ಯಂತ ಕೆಟ್ಟ ಉಪಾಯ.

ಇಂಧನವನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಿಲ್ಲ. ಒಂದು ಲೀಟರಿನ ಪಾತ್ರೆಗೆ ಗುಳಿಗೆಯನ್ನು ಸುರಿದು, ಅಂಚಿಗೆ ಸಮಮಾಡಿ ತೂಗಿದರೆ, ಗ್ರಾಮಿನ ಲೆಕ್ಕದಲ್ಲಿ ಬಂದ ಅಂಕಿಯೇ ಘನ ಮೀಟರಿನ ಕಿಲೋಗ್ರಾಂ ಅಂಕಿ. ಸಣ್ಣ ಪಾತ್ರೆಯಾದುದರಿಂದ ನಾಲ್ಕೈದು ಸಲ ತೂಗಿ ಸರಾಸರಿ ಹಿಡಿಯುವುದು ಮೇಲು. ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರ ಇದರಿಂದ ಕೂಡಲೆ ತಿಳಿಯುತ್ತದೆ. ಅಡುಗೆಮನೆಯ ಜರಡಿಯಲ್ಲಿ ಒಂದು ಚೀಲವನ್ನು ಜಾಲಿಸಿದರೆ ಪುಡಿಯ ಪ್ರಮಾಣ ಗೊತ್ತಾಗುತ್ತದೆ. ಒಂದು ಹಿಡಿಯನ್ನು ನೀರಿನಲ್ಲಿ ಹಾಕಿದರೆ ಗುಳಿಗೆ ಬಿರಿದು ಮತ್ತೆ ಹೊಟ್ಟಾಗುತ್ತದೆ. ಕದಡಿ ಬಿಟ್ಟಾಗ ತಳದಲ್ಲಿ ಮರಳು ನಿಂತರೆ ಕಿಟ್ಟದ ಮೂಲ ಸಿಕ್ಕಿತೆಂದೇ ತಿಳಿಯಬಹುದು. ಆಮೇಲೆ ತಿದ್ದುವ ಕೆಲಸ. ಹೊಸದು ಭಾರವಾಗಿದ್ದರೆ ತಿರುಪಿನ ಕಾಲವನ್ನು ಒಂದು ಮೆಟ್ಟಿಲು ಇಳಿಸಬೇಕು, ಇಲ್ಲವೆ ಗಾಳಿಯನ್ನು ಒಂದು ಮೆಟ್ಟಿಲು ಏರಿಸಬೇಕು. ಎರಡನ್ನೂ ಒಟ್ಟಿಗೆ ಮಾಡಬಾರದು. ಹಗುರವಾಗಿದ್ದರೆ ಇದರ ವಿರುದ್ಧ. ಒಂದು ತಿದ್ದುಪಡಿಯಾದ ಮೇಲೆ ಕೆಲವು ಗಂಟೆ ಕಾದು, ಜ್ವಾಲೆಯ ಬಣ್ಣವನ್ನೂ ಬೂದಿಯ ಬಣ್ಣವನ್ನೂ ತಾರೀಖಿನೊಡನೆ ಬರೆದಿಟ್ಟುಕೊಳ್ಳಬೇಕು. ಬೂದಿ ನಸುಬೂದುಬಣ್ಣದ ಹಗುರ ಪುಡಿಯಾಗಿದ್ದರೆ ದಹನ ಸರಿಯಾಗಿದೆ. ಕಪ್ಪಾಗಿ ಇದ್ದಿಲಿನ ಚೂರುಗಳಿಂದ ಕೂಡಿದ್ದರೆ ಇನ್ನೂ ಗಾಳಿ ಸಾಲದು. ಕಿಟ್ಟಕ್ಕೆ ಮಾತ್ರ ತಿದ್ದುಪಡಿಯ ಮದ್ದು ಅಷ್ಟಾಗಿ ನಾಟುವುದಿಲ್ಲ. ದಿನವೂ ಬಟ್ಟಲನ್ನು ಕೆರೆಯಬೇಕು, ಅಥವಾ ಆ ಮಾರ್ಕನ್ನು ಬಿಡಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಬೆಂಕಿ ಹತ್ತಲಿಲ್ಲವೆಂದು ಬಟ್ಟಲಿಗೆ ಕೈಯಿಂದ ಗುಳಿಗೆ ಸುರಿಯುವುದೂ, ಹತ್ತದೆ ರಾಶಿಬಿದ್ದ ಗುಳಿಗೆಯ ಮೇಲೆಯೇ ಮತ್ತೆ ಹೊತ್ತಿಸುವುದೂ ಅಪಾಯ. ಅಂಥ ರಾಶಿ ಮೊದಲು ಹೊಗೆಯನ್ನು ತುಂಬಿ, ಆ ಹೊಗೆ ಒಮ್ಮೆಲೇ ಹೊತ್ತಿಕೊಂಡು ಸಿಡಿಯಬಹುದು. ಕೋಣೆಗೆ ಹೊಗೆ ಬಂದರೆ ಅದು ಮಾರ್ಕಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ನಿದ್ದೆಯಲ್ಲಿದ್ದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ.

ಗುಳಿಗೆಗೆ ಇಂದು ಇರುವ ನಿಯಮಗಳೆಲ್ಲ ಇಂಥ ತೊಂದರೆಗಳ ದಾಖಲೆಗಳೆಂದು ನಾವು ಓದುತ್ತೇವೆ. ಜರ್ಮನಿಯಲ್ಲಿ ೧೯೯೬ರಲ್ಲಿ ಡಿಐಎನ್ ೫೧೭೩೧ ಎಂಬ ನಿಯಮ ಬಂದಿತು. ೨೦೧೦ರಿಂದ ಎನ್‌ಪ್ಲಸ್ ಎಂಬ ಮುದ್ರೆ ಮೊದಲಾಯಿತು. ೨೦೧೪ರಲ್ಲಿ ಐಎಸ್‌ಒ ೧೭೨೨೫ರ ಎರಡನೆಯ ಭಾಗ ಮರದ ಗುಳಿಗೆಗೆ ಅಂತರರಾಷ್ಟ್ರೀಯ ದರ್ಜೆಗಳನ್ನು ಗೊತ್ತುಮಾಡಿತು. ಅಮೆರಿಕದ ಸಂಗತಿ ಇನ್ನೂ ಸ್ವಾರಸ್ಯವಾದುದು. ಅಲ್ಲಿಯ ಪರಿಸರ ರಕ್ಷಣಾ ಸಂಸ್ಥೆ ೧೯೮೮ರಲ್ಲಿ ಸೌದೆ ಒಲೆಗಳಿಗೆ ಕಟ್ಟಳೆ ಮಾಡಿದಾಗ, ಇಂಧನದ ೩೫ ಪಟ್ಟಿಗಿಂತ ಹೆಚ್ಚು ತೂಕದ ಗಾಳಿಯನ್ನು ಎಳೆಯುವ ಒಲೆಗಳನ್ನು ಬಿಟ್ಟುಕೊಟ್ಟಿತು. ಅನೇಕ ಗುಳಿಗೆಯೊಲೆಗಳು ಈ ಕಂಡಿಯಿಂದ ಹೊರಗುಳಿದವು. ೨೦೧೫ರ ಕಟ್ಟಳೆ ಅವನ್ನು ಒಳಕ್ಕೆ ತಂದದ್ದಲ್ಲದೆ, ಒಲೆಗೆ ದರ್ಜೆಯ ಮುದ್ರೆಯುಳ್ಳ ಗುಳಿಗೆಯನ್ನೇ ಉರಿಸಬೇಕೆಂದೂ ವಿಧಿಸಿತು. ಒಲೆಯನ್ನು ಮಾತ್ರ ಪರೀಕ್ಷಿಸಿ ಇಂಧನವನ್ನು ಬಿಟ್ಟರೆ ಪರೀಕ್ಷೆಗೆ ಅರ್ಥವಿಲ್ಲವೆಂಬುದನ್ನು ಸರಕಾರವೂ ಒಪ್ಪಿದಂತಾಯಿತು. ಆದರೆ ದರ್ಜೆಯೆಂಬುದು ಎಲ್ಲೆಯೇ ಹೊರತು ಬಿಂದುವಲ್ಲ. ೬೦೦ರಿಂದ ೭೫೦ರ ನಡುವೆ ಎಲ್ಲಿದ್ದರೂ ಮುದ್ರೆ ಒಂದೇ. ಒಲೆಗೆ ಆ ವ್ಯತ್ಯಾಸ ತಿಳಿಯುತ್ತದೆ, ಚೀಲದ ಮೇಲೆ ಕಾಣುವುದಿಲ್ಲ. ೨೦೨೨ರ ಜುಲೈ ತಿಂಗಳಿನಿಂದ ರಷ್ಯದ ಮರದ ಸರಕನ್ನು ಯೂರೋಪಿನ ಒಕ್ಕೂಟ ತಡೆದಾಗ ಗುಳಿಗೆಯ ಬೆಲೆ ಅನೇಕ ಕಡೆ ಎರಡು ಪಟ್ಟಿಗೂ ಮೀರಿತು. ಸಿಕ್ಕಿದ ಮಾರ್ಕನ್ನು ಕೊಳ್ಳಬೇಕಾದ ಮನೆಗಳಿಗೆ ಆ ಚಳಿಗಾಲದಲ್ಲಿ ಈ ಪಾಠ ಒಮ್ಮೆಗೇ ಬಂದಿತು.

ಈ ವಿಷಯ ನಮ್ಮ ನಾಡಿಗೆ ಪರಕೀಯವೆಂದು ತಿಳಿಯಬಾರದು. ತಗಡಿನ ಡಬ್ಬದಲ್ಲಿ ನಡುವೆ ಕೋಲನ್ನಿಟ್ಟು ಸುತ್ತಲೂ ಹೊಟ್ಟನ್ನು ಗಿಡಿದು ಉರಿಸುವ ಹೊಟ್ಟಿನ ಒಲೆ ನಮ್ಮ ಅನೇಕ ಮನೆಗಳಲ್ಲಿಯೂ ಹೋಟೆಲುಗಳಲ್ಲಿಯೂ ಇತ್ತು. ಹೊಟ್ಟು ಹಸಿಯಾದರೆ ಹೊಗೆ, ಸಡಿಲವಾದರೆ ಕುಸಿತ, ಎಂಬುದನ್ನು ನಮ್ಮ ತಾಯಂದಿರು ಕೈಯಳತೆಯಿಂದಲೇ ತಿಳಿದಿದ್ದರು. ಅವರ ಒಲೆ ತಿದ್ದಿಕೊಳ್ಳುವ ಒಲೆ; ತಿದ್ದುವ ಕೈ ಪಕ್ಕದಲ್ಲಿಯೇ ಇತ್ತು.

ನಿಜವಾದ ಗುಳಿಗೆಯೊಲೆಯೂ ಬೆಂಗಳೂರಿನಲ್ಲಿಯೇ ರೂಪುಗೊಂಡಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎಚ್. ಎಸ್. ಮುಕುಂದ ಅವರೂ ಅವರ ಸಹೋದ್ಯೋಗಿಗಳೂ ನಡೆಸಿದ ದಹನಸಂಶೋಧನೆಯ ಆಧಾರದ ಮೇಲೆ ಬಿಪಿ ಕಂಪೆನಿ ೨೦೦೬ರಲ್ಲಿ ‘ಊರ್ಜಾ’ ಎಂಬ ಅಡುಗೆಯ ಒಲೆಯನ್ನು ಮಾರಾಟಕ್ಕೆ ತಂದಿತು. ಇದರಲ್ಲಿ ತಿರುಪಿಲ್ಲ, ಕಡಲೆಕಾಯಿಯ ಸಿಪ್ಪೆ, ಕಬ್ಬಿನ ಸಿಪ್ಪೆ ಮುಂತಾದ ಬೆಳೆಯ ಶೇಷದಿಂದ ಮಾಡಿದ ಗುಳಿಗೆಯನ್ನು ಮೇಲಿನಿಂದ ತುಂಬಿ ಹೊತ್ತಿಸಿದರೆ ಸುಮಾರು ಒಂದು ಗಂಟೆಯ ಹೊತ್ತು ಉರಿಯುತ್ತಿತ್ತು. ಬ್ಯಾಟರಿಯಿಂದ ತಿರುಗುವ ಸಣ್ಣ ಪಂಕ ಗಾಳಿಯನ್ನು ಒದಗಿಸುತ್ತಿತ್ತು. ಹೊಗೆ ಬಹಳ ಕಡಮೆ. ಮಹಾರಾಷ್ಟ್ರ, ಕರ್ನಾಟಕ, ತಮಿಳುನಾಡುಗಳಲ್ಲಿ ಸುಮಾರು ನಾಲ್ಕು ಲಕ್ಷ ಒಲೆಗಳು ಮಾರಾಟವಾದವು. ೨೦೦೯ರಲ್ಲಿ ಉದ್ಯಮ ಪುಣೆಯ ಫಸ್ಟ್ ಎನರ್ಜಿ ಎಂಬ ಕಂಪೆನಿಯ ಕೈಗೆ ಬಂದಿತು. ಅಷ್ಟರಲ್ಲಿ ಬೆಳೆಯ ಶೇಷಕ್ಕೆ ಬೆಲೆ ಏರಿ ಗುಳಿಗೆಯ ಬೆಲೆಯನ್ನೂ ಏರಿಸಬೇಕಾಯಿತು. ಮನೆಗಳಲ್ಲಿ ಬಳಕೆ ಬೇಗ ಬೇಗನೆ ಕುಗ್ಗಿತು. ಕಂಪೆನಿ ಹೋಟೆಲುಗಳ ದೊಡ್ಡ ಅಡುಗೆಮನೆಗಳ ಕಡೆಗೆ ತಿರುಗಿತು.

ಈ ಒಲೆಯ ಪಂಕವನ್ನೂ ಬಟ್ಟಲನ್ನೂ ಒಂದು ಬಗೆಯ ಗುಳಿಗೆಗೆ ಹೊಂದಿಸಲಾಗಿತ್ತು. ಕೈಗೆ ಸಿಕ್ಕಿದ ಪುಳ್ಳೆಯನ್ನೋ ಕರಟದ ಚೂರನ್ನೋ ತುಂಬಿದವರು ಅದೇ ಉರಿಯನ್ನು ನಿರೀಕ್ಷಿಸುವಂತಿರಲಿಲ್ಲ. ಒಲೆಗಳು ಎಷ್ಟು ಮಾರಾಟ ಆದುವೆಂಬುದಕ್ಕೆ ಮುದ್ರಿತ ಬರಹಗಳಿವೆ. ಗುಳಿಗೆ ನಿಂತ ಮೇಲೆ ಗೃಹಿಣಿಯರು ಅದರಲ್ಲಿ ಏನೇನನ್ನು ಉರಿಸಿ ನೋಡಿದರು, ಯಾವುದು ಹೊಗೆಯಾಡಿತು, ಯಾವುದು ಕಿಟ್ಟ ಕಟ್ಟಿತು, ಎಷ್ಟು ದಿನ ಹೆಣಗಿ ಕೈಬಿಟ್ಟರು ಎಂಬುದು ಅವರ ನೆನಪಿನಲ್ಲಿದೆ. ಅಟ್ಟದ ಮೇಲಿನ ಒಲೆಗಳು ಗುಜರಿಗೆ ಹೋಗುತ್ತಿರುವ ಈ ಕಾಲದಲ್ಲಿ ಆ ನೆನಪು ಇನ್ನೆಷ್ಟು ದಿನ ಉಳಿದೀತು? ಜಿಲ್ಲೆಯ ಕಾಲೇಜುಗಳಲ್ಲಿರುವ ಅಧ್ಯಾಪಕರೂ ವಿದ್ಯಾರ್ಥಿಗಳೂ ತಮ್ಮ ನೆರೆಯ ಮನೆಗಳಲ್ಲಿ ಅಂಥ ಒಲೆಯೋ, ಮುದ್ರೆಯಿರುವ ಖಾಲಿ ಚೀಲವೋ, ಬೆಲೆ ಬರೆದ ರಸೀತಿಯೋ ಕಂಡರೆ, ಊರು, ಕೊಂಡ ವರ್ಷ, ಕೊನೆಯದಾಗಿ ಉರಿಸಿದ ಇಂಧನ ಇವುಗಳನ್ನು ಬರೆದು ವಿಭಾಗಕ್ಕೆ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ. ಒಲೆಯೊಳಗೆ ಕಿಟ್ಟ ಉಳಿದಿದ್ದರೆ ಅದನ್ನು ಕೆರೆದು ಬಿಸಾಡದೆ, ಒಂದು ಕಾಗದದಲ್ಲಿ ಕಟ್ಟಿ ಜೊತೆಗೆ ಕಳುಹಿಸಬಹುದು.